ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಆ ಬೀದಿಯ ದರ್ಜಿ ಪ್ರತಿ ಬಟ್ಟೆಗೂ ಎರಡು ತಾರೀಕು ಇಟ್ಟುಕೊಂಡಿದ್ದ. ಮೊದಲನೆಯದು ಗಿರಾಕಿಯ ಸಮಾಧಾನಕ್ಕೆ, ಎರಡನೆಯದು ಬಟ್ಟೆಗೆ. ಮೊದಲನೆಯದನ್ನು ಬಾಯಿಬಿಟ್ಟು ಹೇಳುತ್ತಿದ್ದ. ಎರಡನೆಯದನ್ನು ಗಿರಾಕಿಗಳು ಅನುಭವದಿಂದ ತಿಳಿದುಕೊಳ್ಳಬೇಕಿತ್ತು. ಹೇಳಿದ ದಿನವೇ ಬಂದುಬಿಟ್ಟವರನ್ನು ಸ್ಟೂಲಿನ ಮೇಲೆ ಕೂರಿಸಿ, ಫ್ಯಾನನ್ನು ಅವರ ಕಡೆ ತಿರುಗಿಸಿ, "ನಾಳೆ ಬನ್ನಿ" ಎನ್ನುತ್ತಿದ್ದ. ಆ ಮಾತಿನಲ್ಲಿ ಎಷ್ಟು ವಿನಯವಿರುತ್ತಿತ್ತೆಂದರೆ, ಬೈಯಲು ಬಂದವರು ಹೊಸ್ತಿಲು ದಾಟಿದ ಮೇಲೆಯೇ ಬೈಯುತ್ತಿದ್ದರು. ಬೀದಿಯಲ್ಲಿ ಅವನಿಗೆ ನಾಳೆ ಮಾಸ್ತರ ಎಂದು ಹೆಸರು. ಅದು ಅವನಿಗೂ ಗೊತ್ತಿತ್ತು. ಅಂಗಡಿಯ ಬೋರ್ಡಿನ ಮೇಲಿದ್ದ ನಿಜವಾದ ಹೆಸರು ಮಾಸಿ ಬಹಳ ಕಾಲವಾಗಿತ್ತು. ಅದನ್ನು ಮತ್ತೆ ಬರೆಸುವ ಕೆಲಸವೂ ತನ್ನ ಎರಡನೆಯ ತಾರೀಕಿಗಾಗಿ ಕಾಯುತ್ತಿತ್ತು.

ಅವನನ್ನು ಸೋಮಾರಿ ಎನ್ನುವಂತಿರಲಿಲ್ಲ. ಕತ್ತರಿಸಿದ ಬಟ್ಟೆ ಒಂದೆರಡು ದಿನ ಮೊಳೆಗೆ ತೂಗಿ ತನ್ನ ಭಾರವನ್ನು ತಾನು ತಿಳಿದುಕೊಳ್ಳಬೇಕು ಎಂಬುದು ಅವನ ನಂಬಿಕೆ. ಗಿರಾಕಿಯೂ ಹಾಗೆಯೇ ಸ್ವಲ್ಪ ತೂಗಿದರೆ ಒಳ್ಳೆಯದು ಎಂದು ಅವನು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಪರದೆಯ ಹಿಂದಿನ ಕೋಣೆಯಲ್ಲಿ ಅವನ ಹೆಂಡತಿ ಕಾಜಾ ಹಾಕುತ್ತಿದ್ದಳು, ಗುಂಡಿ ಹಚ್ಚುತ್ತಿದ್ದಳು. ಅವಳ ಕೆಲಸ ಒಂದು ದಿನವೂ ತಡವಾದದ್ದಿಲ್ಲ. ಗುಂಡಿಗಳು ಸಿದ್ಧವಾಗಿ ಕೂತು ಅಂಗಿಗಾಗಿ ಕಾಯುತ್ತಿದ್ದವು.

"ನಾಳೆ ಅಂದವನ ಮನೆ ಹಾಳು ಅಂತಾರೆ," ಎಂದು ಅವಳು ಪರದೆಯ ಹಿಂದಿನಿಂದ ಹೇಳುತ್ತಿದ್ದಳು.

"ಮನೆ ಬಾಡಿಗೆಯದು," ಎಂದು ಅವನು ಪರದೆಯ ಈಚೆಯಿಂದ ಹೇಳುತ್ತಿದ್ದ.

ದರ್ಜಿಯ ಜೀವದ ಮೇಲೆ ಒಂದು ವಿಮೆ ಇತ್ತು. ಅದನ್ನು ಮಾಡಿಸಿದವನು ಹೆಂಡತಿಯ ತಮ್ಮ. ವಿಮೆ ಏಜೆಂಟನಾದ ಹೊಸತರಲ್ಲಿ ಅವನಿಗೆ ಸಿಕ್ಕ ಮೊದಲ ಜೀವ ಅಕ್ಕನ ಗಂಡನದು. ದರ್ಜಿ ಅವನನ್ನು ಕಂತುರಾಯ ಎಂದು ಕರೆಯುತ್ತಿದ್ದ. ವರ್ಷಕ್ಕೊಮ್ಮೆ ಕಂತಿನ ದಿನ ಕಂತುರಾಯ ಬರುತ್ತಿದ್ದ, ಸ್ಟೂಲಿನ ಮೇಲೆ ಕೂತು ಚಹಾ ಕುಡಿದು ಬರಿಗೈಯಲ್ಲಿ ಹೋಗುತ್ತಿದ್ದ. ಕಂತಿನ ದಿನ ದಾಟಿದರೂ ಕಂಪನಿ ಒಂದು ತಿಂಗಳು ಕಾಯುತ್ತದೆ. ಅದಕ್ಕೆ ರಿಯಾಯಿತಿ ಅವಧಿ ಎಂದು ಹೆಸರು. ಆ ಅವಧಿಯ ಕೊನೆಯ ದಿನ ಕಂತುರಾಯ ಮತ್ತೆ ಬಂದು ಚೆಕ್ಕನ್ನೂ ಇನ್ನೊಂದು ಚಹಾವನ್ನೂ ತೆಗೆದುಕೊಳ್ಳುತ್ತಿದ್ದ. ಇದು ತಪ್ಪದೆ ನಡೆದುಕೊಂಡು ಬಂದ ಪದ್ಧತಿ.

ಆ ವರ್ಷವೂ ಬಂದ.

"ಭಾವ, ಕಂತು."

"ಇವತ್ತೇನಾ?"

"ಇವತ್ತೇ. ಹೋದ ವರ್ಷವೂ ಇವತ್ತೇ ಇತ್ತು."

"ನಿಮ್ಮ ಕಂಪನಿಯವರು ಇನ್ನೊಂದು ತಾರೀಕು ಕೊಟ್ಟಿದ್ದಾರಲ್ಲಯ್ಯ."

"ಅದು ರಿಯಾಯಿತಿ ಭಾವ. ಕೈಲಾಗದೆ ಇರೋರಿಗೆ."

"ನನ್ನ ಕೈಲಾಗುತ್ತೆ ಅಂತ ನಿನಗೆ ಯಾರು ಹೇಳಿದ್ದು? ನೋಡು, ಹೊಲಿಗೆ ಒಳಗೆ ಒಂದು ಬೆರಳಗಲ ಬಟ್ಟೆ ಬಿಡ್ತೀನಿ. ಯಾಕೆ? ಮನುಷ್ಯ ಇದ್ದ ಹಾಗೇ ಇರಲ್ಲ, ಆಮೇಲೆ ಬಿಚ್ಚಿ ದೊಡ್ಡದು ಮಾಡೋಕೆ ಬರಲಿ ಅಂತ. ನಿಮ್ಮ ಕಂಪನೀಲೂ ಯಾರೋ ಒಬ್ಬ ದರ್ಜಿ ಮಗ ಇದ್ದಾನೆ ಕಣಯ್ಯ. ದಿನದ ಒಳಗೆ ದಿನ ಮಡಿಸಿ ಇಟ್ಟಿದ್ದಾನೆ."

"ಇಟ್ಟಿರೋದು ಇರಲಿ ಅಂತ. ವರ್ಷ ವರ್ಷ ಬಿಚ್ಚೋಕಲ್ಲ."

"ಬಿಚ್ಚದೆ ಇರೋದಾದ್ರೆ ಬಿಡೋದ್ಯಾಕೆ? ಇನ್ನೊಂದು ವಿಷಯ. ಮೊದಲನೇ ದಿನವೇ ಓಡಿ ಬಂದು ಕಟ್ಟಿದರೆ ಈ ಮನುಷ್ಯ ಸಾಯೋ ಅವಸರದಲ್ಲಿದ್ದಾನೆ ಅಂತ ಕಂಪನಿಗೆ ಅನುಮಾನ ಬರುತ್ತೆ."

ಪರದೆಯ ಹಿಂದಿನಿಂದ ಹೆಂಡತಿ, "ಕೊಟ್ಟುಬಿಡ್ರೀ, ಹೇಗಿದ್ದರೂ ಕೊಡೋದೇ," ಎಂದಳು. ಪ್ರತಿ ವರ್ಷವೂ ಈ ಹಂತದಲ್ಲಿ ಅವಳು ಹೇಳುತ್ತಿದ್ದ ಮಾತು ಅದು.

ಕಂತುರಾಯ ಚಹಾದ ಲೋಟ ಕೆಳಗಿಟ್ಟ. "ಹೋಗಲಿ, ನನ್ನ ಕೋಟು?"

"ನಾಳೆ."

"ಭಾವ, ನಾನು ಗಿರಾಕಿ ಅಲ್ಲ, ಭಾಮೈದ."

"ಅದಕ್ಕೇ ನಾಳೆ ಅಂದೆ. ಗಿರಾಕಿ ಆಗಿದ್ರೆ ಇವತ್ತು ಸಂಜೆ ಅಂತಿದ್ದೆ."

ಆ ಕೋಟು ಅವನ ಜೀವನದ ಮೊದಲ ಕೋಟು. ಶಾಖೆಯಲ್ಲಿ ಅವನಿಗೆ ಸನ್ಮಾನವಿತ್ತು. ಏಜೆಂಟನಾದಂದಿನಿಂದ ಅವನ ಕೈಯಲ್ಲಿ ಒಂದೇ ಒಂದು ಪಾಲಿಸಿಯೂ ಕಂತು ತಪ್ಪಿ ರದ್ದಾಗಿರಲಿಲ್ಲ.

"ಕಟ್ಟಿದೋರು ನಾವು. ಸನ್ಮಾನ ನಿನಗಾ?" ಎಂದ ದರ್ಜಿ.

"ಕಟ್ಟಿಸಿದ್ದು ಯಾರು? ನಿಮ್ಮಂಥ ಒಬ್ಬರ ಕೈಲಿ ಕಟ್ಟಿಸೋದೂ ಒಂದೇ, ಇಡೀ ಊರಿನ ಕೈಲಿ ಕಟ್ಟಿಸೋದೂ ಒಂದೇ. ನೋಡಿ, ಸನ್ಮಾನ ಇಟ್ಟಿರೋದು ನಿಮ್ಮ ರಿಯಾಯಿತಿಯ ಕೊನೇ ದಿನವೇ. ಅಷ್ಟರೊಳಗೆ ಕೋಟು ಕೊಡಲಿಲ್ಲ ಅಂದ್ರೆ ಬನಿಯನ್ನಲ್ಲೇ ಸ್ಟೇಜ್ ಹತ್ತಿ, ಇದು ನಮ್ಮ ಭಾವ ಹೊಲಿದದ್ದು ಅಂತೀನಿ."

ಇಲ್ಲಿಯವರೆಗೆ ಎಲ್ಲವೂ ಪದ್ಧತಿಯಂತೆಯೇ ಇತ್ತು.

ಆ ವಾರ ದರ್ಜಿ ಇಸ್ತ್ರಿಪೆಟ್ಟಿಗೆ ಎತ್ತಿದವನು ಹಾಗೆಯೇ ನಿಂತ. ಕೆಳಗಿಡಲು ಬರಲಿಲ್ಲ, ಮೇಲೆತ್ತಲೂ ಬರಲಿಲ್ಲ. ಹೆಂಡತಿ ಬಂದು ಅವನ ಕೈಯಿಂದ ಅದನ್ನು ಬಿಡಿಸಿದಳು. ಆಸ್ಪತ್ರೆಯಲ್ಲಿ ಯಂತ್ರಗಳು ಅವನ ಎದೆಯ ಅಳತೆ ತೆಗೆದುಕೊಂಡವು. ಡಾಕ್ಟರು ಚಿತ್ರ ಬರೆದು ತೋರಿಸಿದರು: ರಕ್ತ ಹೋಗುವ ದಾರಿ ಎರಡು ಕಡೆ ಬಿಗಿದುಕೊಂಡಿದೆ, ಎದೆ ತೆರೆದು ಸರಿಮಾಡಬೇಕು. ಒಂದು ದಿನವನ್ನೂ ಹೇಳಿದರು.

"ಇದು ಮೊದಲನೇ ತಾರೀಕಾ ಸಾರ್, ಎರಡನೇದಾ?" ಎಂದು ದರ್ಜಿ ಕೇಳಿದ.

"ಇರೋದೇ ಒಂದು ತಾರೀಕು," ಎಂದರು ಡಾಕ್ಟರು.

ಒಂದೇ ತಾರೀಕು ಇಟ್ಟುಕೊಂಡು ಕೆಲಸ ಮಾಡುವವರ ಕೈಗೆ ದರ್ಜಿ ಈವರೆಗೆ ಸಿಕ್ಕಿರಲಿಲ್ಲ.

ಹೆಂಡತಿ ತಮ್ಮನಿಗೆ ಫೋನು ಮಾಡಿದಳು. ಅವನು ಹಾಸ್ಯ ಬಿಟ್ಟು ಹೇಳಿದ. ರಿಯಾಯಿತಿ ಅವಧಿಯ ಒಳಗೆ ಏನಾದರೂ ಆದರೆ ಕಂಪನಿ ಕಂತನ್ನು ಹಿಡಿದುಕೊಂಡು ಉಳಿದ ಹಣ ಕೊಡುತ್ತದೆ. ಕೊನೆಯ ದಿನ ದಾಟಿದರೆ ಪಾಲಿಸಿ ರದ್ದು. ಅದಕ್ಕೆ ಮತ್ತೆ ಜೀವ ಕೊಡಿಸಬೇಕಾದರೆ ಆರೋಗ್ಯ ಚೆನ್ನಾಗಿದೆ ಎಂದು ಡಾಕ್ಟರು ಬರೆದುಕೊಡಬೇಕು.

"ಈ ಎದೆ ಇಟ್ಟುಕೊಂಡು ಯಾರು ಬರೆದುಕೊಡ್ತಾರೆ ಅಕ್ಕ?"

ಆಪರೇಷನ್ನಿನ ದಿನ ಬಿದ್ದದ್ದು ಆ ಕೊನೆಯ ದಿನದ ಆಚೆಗೆ, ಅದೇ ವಾರದಲ್ಲಿ. ಅವರಿಗೆ ಮಕ್ಕಳಿರಲಿಲ್ಲ. ಅಂಗಡಿ ಬಾಡಿಗೆಯದು, ಮನೆ ಬಾಡಿಗೆಯದು. ಗಂಡನಿಲ್ಲದ ಅಂಗಡಿಯಲ್ಲಿ ಕಾಜಾ ಹಾಕಿಸಿಕೊಳ್ಳಲು ಬಟ್ಟೆಯೇ ಇರುವುದಿಲ್ಲ ಎಂಬುದು ಅವಳಿಗೆ ಲೆಕ್ಕ ಹಾಕದೆಯೇ ಗೊತ್ತಿತ್ತು. ಅವನು ಹೋಗಿಬಿಟ್ಟರೆ ಅವಳಿಗೆ ಉಳಿಯುವುದು ಆ ಪಾಲಿಸಿ ಒಂದೇ.

"ಇವತ್ತೇ ಕಟ್ಟಿಬಿಡಿ," ಎಂದಳು.

"ಕಟ್ಟೋಣ. ಕೋಟಿನ ಜೊತೆಗೇ ಕೊಡ್ತೀನಿ. ಕಂತುರಾಯನಿಗೆ ಎರಡೂ ಒಟ್ಟಿಗೆ ಸಿಕ್ಕಿ ಅವನ ಎದೆಯೂ ನಿಲ್ಲಲಿ."

ಆಮೇಲೆ ಆದದ್ದನ್ನು ಆ ಬೀದಿ ನಿರೀಕ್ಷಿಸಿರಲಿಲ್ಲ. ದರ್ಜಿ ಹೇಳಿದ ದಿನ ಬಟ್ಟೆ ಕೊಡತೊಡಗಿದ. ಮೊಳೆಗಳಿಂದ ಒಂದೊಂದಾಗಿ ಬಟ್ಟೆಗಳು ಇಳಿದವು. ಅವುಗಳ ಹಿಂದೆ ಎಂದೋ ಸುಣ್ಣ ಹೊಡೆದ ಗೋಡೆ ಇತ್ತೆಂಬುದು ಕಾಣಿಸಿತು. ಹೇಳಿದ ದಿನ ಬಂದವರು ವಾಡಿಕೆಯಂತೆ ಸ್ಟೂಲಿನ ಕಡೆ ಹೋಗುವಷ್ಟರಲ್ಲಿ ಇಸ್ತ್ರಿಯಾದ ಬಟ್ಟೆ ಅವರ ಕೈಯಲ್ಲಿರುತ್ತಿತ್ತು. ಅವರು ಅದನ್ನು ಹಿಡಿದುಕೊಂಡು ಏನು ಮಾಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು.

ಎದುರಿನ ಅಂಗಡಿಯ ಕ್ಷೌರಿಕ ದರ್ಜಿಯ ಹೆಂಡತಿಯನ್ನು ಪಕ್ಕಕ್ಕೆ ಕರೆದ. "ಮಾಸ್ತರಿಗೆ ಏನಾಗಿದೆ ಅಕ್ಕಾ? ನನ್ನ ಪ್ಯಾಂಟು ಹೇಳಿದ ದಿನವೇ ಕೊಟ್ಟುಬಿಟ್ಟರು. ಹಾಗೆಲ್ಲ ಮಾಡೋರಲ್ಲ ಅವರು."

"ಏನೂ ಇಲ್ಲಪ್ಪ," ಎಂದಳು ಅವಳು.

"ಅಳತೇನೂ ಸರಿಯಾಗಿದೆ," ಎಂದು ಅವನು ಇನ್ನಷ್ಟು ಕಳವಳದಿಂದ ಹೇಳಿದ.

ಮದುವೆಯಾದಂದಿನಿಂದ ಅವಳು ಬಯಸಿದ್ದು ಇದನ್ನೇ. ಗಂಡ ಒಂದು ಸಲ ಆಡಿದ ಮಾತಿನಂತೆ ನಡೆದರೆ ಸಾಕು ಎಂದು ಪರದೆಯ ಹಿಂದೆ ಎಷ್ಟು ಸಲ ಹಲ್ಲು ಕಚ್ಚಿದ್ದಳೋ. ಈಗ ಒಂದೊಂದು ಬಟ್ಟೆ ಹೊತ್ತಿಗೆ ಸರಿಯಾಗಿ ಹೊರಗೆ ಹೋದಾಗಲೂ ಅವಳಿಗೆ, ಊರು ಬಿಟ್ಟು ಹೊರಟವರು ಡೇರೆಯ ಗೂಟವೊಂದನ್ನು ಕಿತ್ತ ಸದ್ದು ಕೇಳಿಸುತ್ತಿತ್ತು.

ಕೋಟೂ ಮುಗಿಯಿತು. ಕೊನೆಯ ದಿನಕ್ಕೆ ಇನ್ನೂ ಸಮಯವಿದ್ದಾಗಲೇ ಮುಗಿಯಿತು. ಬೂದು ಬಣ್ಣದ ಕೋಟು, ಒಳಗೆ ನುಣ್ಣನೆಯ ಕಪ್ಪು ಲೈನಿಂಗು. ದರ್ಜಿ ಚೆಕ್ಕು ಬರೆದು ಮಡಿಸಿ ಅದರ ಒಳಜೇಬಿನಲ್ಲಿಟ್ಟ.

"ಹೇಳಿ ಕೊಡಬಾರದೇನ್ರೀ?" ಎಂದಳು ಹೆಂಡತಿ.

"ಯಾಕೆ ಹೇಳಬೇಕು? ಕೋಟು ಕೈಗೆ ಬಂದ ಗಂಡಸು ಮೊದಲು ಒಳಜೇಬಿಗೇ ಕೈ ಹಾಕೋದು. ಅಲ್ಲಿ ಏನೂ ಇರಲ್ಲ ಅಂತ ಗೊತ್ತಿದ್ರೂ ಹಾಕ್ತಾನೆ. ಇವನಿಗೆ ಏನೋ ಸಿಗುತ್ತೆ."

ಆಮೇಲೆ ಅವನು ಕೊನೆಯ ಇಸ್ತ್ರಿಗೆ ಕೂತ. ಹೊಸ ಕೋಟಿನ ಜೇಬುಗಳು ಬಾಯಿ ತೆರೆದುಕೊಂಡು ಜೋಲಬಾರದೆಂದು ಅವುಗಳಿಗೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಮುಚ್ಚುವುದು ಆ ಕಸುಬಿನ ಕ್ರಮ. ಗಿರಾಕಿಗೆ ಕೊಡುವಾಗ "ಮನೆಗೆ ಹೋಗಿ ದಾರ ಬಿಚ್ಚಿಕೊಳ್ಳಿ" ಎಂದು ಹೇಳಿ ಕೊಡುತ್ತಾರೆ. ದರ್ಜಿಯ ತಲೆ ಆಪರೇಷನ್ನಿನ ಕಡೆ ಇತ್ತು, ಕೈ ಕೋಟಿನ ಮೇಲಿತ್ತು. ಹೊರಗಿನ ಜೇಬು, ಪಕ್ಕದ ಜೇಬು, ಒಳಜೇಬು, ಕೈ ಎಲ್ಲವನ್ನೂ ಮುಚ್ಚಿತು. ಜೀವಮಾನವಿಡೀ ಮುಚ್ಚಿದ ಕೈ ಅದು. ತಲೆಯನ್ನು ಕೇಳುವ ಅಭ್ಯಾಸ ಅದಕ್ಕೆ ತಪ್ಪಿಹೋಗಿತ್ತು. ಮಾರನೆಯ ದಿನ ಗಂಡ ಹೆಂಡತಿ ಇಬ್ಬರೂ ರಕ್ತಪರೀಕ್ಷೆಗೆ ಹೋಗಿದ್ದಾಗ ಕಂತುರಾಯನ ಹೆಂಡತಿ ಬಂದು, ಎದುರಿನ ಕ್ಷೌರಿಕನ ಬಳಿ ಬಿಟ್ಟಿದ್ದ ಕೋಟನ್ನು ತೆಗೆದುಕೊಂಡು ಹೋದಳು. ದಾರ ಬಿಚ್ಚಿಕೊಳ್ಳಿ ಎಂದು ಹೇಳುವವರು ಅಲ್ಲಿರಲಿಲ್ಲ.

ಕಂತುರಾಯ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತು, ಭಾವ ಹೇಳಿದಂತೆಯೇ ಮೊದಲು ಒಳಜೇಬಿಗೆ ಕೈ ಹಾಕಿದ. ಕೈ ಹೋಗಲಿಲ್ಲ. ಪಕ್ಕದ ಜೇಬಿಗೆ ಹಾಕಿದ. ಅಲ್ಲಿಯೂ ಹೋಗಲಿಲ್ಲ. ಇಷ್ಟು ವರ್ಷ ಕಂತು ಕೇಳಿದ್ದಕ್ಕೆ ಭಾವ ಸೇಡು ತೀರಿಸಿಕೊಂಡಿದ್ದಾನೆ ಎಂದು ಅವನಿಗೆ ಅನ್ನಿಸಿತು. ಕೇಳಿದರೆ ಸಣ್ಣವನಾಗುತ್ತೇನೆ ಎಂದುಕೊಂಡು ಕೇಳಲಿಲ್ಲ. ಕೊನೆಯ ದಿನ ಸನ್ಮಾನ ಮುಗಿಸಿ, ಕೋಟಿನಲ್ಲೇ ಹೋಗಿ, ಒಂದು ಮಾತೂ ಆಡದೆ ಚೆಕ್ಕು ಇಸಿದುಕೊಂಡು ಬರಬೇಕೆಂದು ತೀರ್ಮಾನಿಸಿದ. ಚಹಾ ಕೊಟ್ಟರೆ ಬೇಡ ಎನ್ನಬೇಕೆಂದೂ ತೀರ್ಮಾನಿಸಿದ.

ಕೊನೆಯ ದಿನದ ಮಧ್ಯಾಹ್ನದವರೆಗೂ ರಸೀದಿ ಬರಲಿಲ್ಲ. ರಸೀದಿಯನ್ನು ಕಂತುರಾಯ ಯಾವಾಗಲೂ ತಾನೇ ಹಿಡಿದುಕೊಂಡು ಬರುತ್ತಿದ್ದ. ಅದಕ್ಕೂ ಒಂದು ಚಹಾ ಇತ್ತು.

"ಸನ್ಮಾನದ ಗಲಾಟೇಲಿದ್ದಾನೆ," ಎಂದ ದರ್ಜಿ. "ನಾಳೆ ತರ್ತಾನೆ ಬಿಡು."

ಆ ಪದ ಕಿವಿಗೆ ಬಿದ್ದದ್ದೇ ಹೆಂಡತಿ ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ ಫೋನು ಎತ್ತಿಕೊಂಡಳು.

"ರಸೀದಿ ಎಲ್ಲೋ?"

"ಚೆಕ್ ಎಲ್ಲಕ್ಕ? ಇದು ಮುಗಿಸಿಕೊಂಡು ಬರ್ತೀನಿ. ಆಫೀಸು ಸಂಜೆವರೆಗೂ ಇರುತ್ತೆ."

"ಕೋಟಿನ ಒಳಜೇಬಲ್ಲಿ ಇಟ್ಟಿದ್ದಾರಲ್ಲೋ!"

"ಯಾವ ಜೇಬು? ಭಾವ ಹೊಲಿದಿರೋ ಕೋಟಿಗೆ ಜೇಬೆಲ್ಲಿದೆ? ಎಲ್ಲದರ ಬಾಯಿಗೂ ಹೊಲಿಗೆ ಹಾಕಿದ್ದಾರೆ. ಬೇಜಾರಾಗಿದೆ ಅಕ್ಕ ನನಗೆ. ಆದ್ರೂ ಒಂದು ಮಾತು ಆಡಿದ್ದೀನಾ? ಅಯ್ಯೋ, ಸ್ಟೇಜಿಗೆ ಕರೀತಿದ್ದಾರೆ, ಇಡ್ತೀನಿ."

ಅವಳು ಗಂಡನ ಕಡೆ ತಿರುಗಿದಳು.

"ಒಳಜೇಬಿಗೆ ಕಚ್ಚಾ ಹೊಲಿಗೆ ಹಾಕಿದ್ರಾ?"

"ಇಲ್ಲ," ಎಂದ ದರ್ಜಿ. ಆಮೇಲೆ ತನ್ನ ಬಲಗೈಯನ್ನು ನೋಡಿಕೊಂಡ. "ಹಾಕಿರುತ್ತೆ," ಎಂದ.

ಅವಳು ಮೇಜಿನ ಮೇಲಿನ ಸಣ್ಣ ಕತ್ತರಿ ತೆಗೆದುಕೊಂಡಳು. ಅವನೂ ಎದ್ದ.

"ಮೆಟ್ಟಿಲು ಹತ್ತಬಾರದು ಅಂದಿದ್ದಾರೆ. ಕೂತ್ಕೊಳ್ಳಿ."

ಅವನು ಕೂತ. ಅವಳು ಬಾಗಿಲು ದಾಟುವಾಗ, "ದಾರ ಮಾತ್ರ ಕತ್ತರಿಸೇ, ಲೈನಿಂಗಿಗೆ ತಾಗೀತು," ಎಂದು ಕೂಗಿ ಹೇಳಿದ.

ವಿಮಾ ಕಂಪನಿಯ ಶಾಖೆ ಮೊದಲ ಮಹಡಿಯಲ್ಲಿತ್ತು. ಹಣ ಕಟ್ಟುವ ಕಿಟಕಿ ಮುಚ್ಚಿತ್ತು. ಸಿಬ್ಬಂದಿಯೆಲ್ಲ ಸನ್ಮಾನ ಸಮಾರಂಭದಲ್ಲಿ ಇರುವುದರಿಂದ ಇಂದು ಮಧ್ಯಾಹ್ನದ ಮೇಲೆ ಕಂತು ಸ್ವೀಕರಿಸುವುದಿಲ್ಲ ಎಂದು ಗಾಜಿಗೆ ಚೀಟಿ ಅಂಟಿಸಿದ್ದರು. ಒಂದೂ ಪಾಲಿಸಿಯನ್ನು ರದ್ದಾಗಲು ಬಿಡದವನ ಗೌರವಾರ್ಥವಾಗಿ ಕಿಟಕಿ ಮುಚ್ಚಿತ್ತು. ಅದು ಅವನಿಗೇ ಗೊತ್ತಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಕುರ್ಚಿಗಳನ್ನು ಸಾಲಾಗಿ ಹಾಕಿದ್ದರು. ವೇದಿಕೆಯ ಮೇಲೆ ಕಂತುರಾಯ ಬೂದು ಕೋಟು ತೊಟ್ಟು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಂಡಿಯ ಮೇಲಿಟ್ಟುಕೊಂಡು ಕೂತಿದ್ದ. ಮ್ಯಾನೇಜರರು ಮೈಕಿನ ಮುಂದೆ ನಿಂತು, "ಇವರ ಕೈಯಲ್ಲಿ ಒಂದೇ ಒಂದು ಪಾಲಿಸಿಯೂ..." ಎನ್ನುತ್ತಿದ್ದಾಗ ಕತ್ತರಿ ಹಿಡಿದ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದು ಸನ್ಮಾನಿತನ ಎದುರು ನಿಂತಳು.

"ತೋಳು ಎತ್ತೋ."

"ಅಕ್ಕಾ, ಎಲ್ಲರೂ ನೋಡ್ತಿದ್ದಾರೆ."

"ನೋಡಲಿ. ಎತ್ತು."

ಅವನು ತೋಳೆತ್ತಿದ. ಅವಳು ಕೋಟಿನ ಎದೆಯನ್ನು ಸರಿಸಿ, ಬಿಳಿ ದಾರವನ್ನು ಒಂದು ಕಡೆ ಕತ್ತರಿಸಿ ಎಳೆದಳು. ಸಭೆ ಇದನ್ನೂ ಕಾರ್ಯಕ್ರಮದ ಒಂದು ಭಾಗವೆಂದು ತಿಳಿಯಿತು. ಹಿಂದಿನ ಸಾಲಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಫೋಟೋದವನು ಅಡ್ಡ ಬಂದು ಎರಡು ಫೋಟೋ ತೆಗೆದ. ಒಳಜೇಬಿನಿಂದ ಚೆಕ್ಕು ಹೊರಗೆ ಬಂದಿತು. ಕಂತುರಾಯ ಅದನ್ನು ನೋಡಿದ, ತನ್ನ ಜೇಬನ್ನು ನೋಡಿದ.

"ಜೇಬಿದೆ," ಎಂದ ಮೆಲ್ಲಗೆ.

ಅವಳು ಚೆಕ್ಕನ್ನು ಮ್ಯಾನೇಜರರ ಮುಂದೆ ಹಿಡಿದಳು. ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳಿದಳು: ಗಂಡನ ಎದೆ, ಈ ವಾರದ ಆಪರೇಷನ್ನು, ಇವತ್ತು ಕೊನೆಯ ದಿನ. ಮೈಕು ಎಲ್ಲವನ್ನೂ ಸಭೆಗೆ ತಲುಪಿಸಿತು.

"ಕೌಂಟರ್ ಮುಚ್ಚಿಬಿಟ್ಟಿದೆಯಲ್ಲಮ್ಮ," ಎಂದರು ಮ್ಯಾನೇಜರರು ಬಹಳ ವಿನಯದಿಂದ. "ನಾಳೆ ಬನ್ನಿ. ಮೊದಲನೇ ಕೆಲಸ ಇದನ್ನೇ ಮಾಡೋಣ."

"ಈ ನಾಳೆ ಜೊತೆ ನಾನು ಇಷ್ಟು ವರ್ಷ ಸಂಸಾರ ಮಾಡಿದ್ದೀನಿ ಸಾರ್. ಅದು ಎಂಥದು ಅಂತ ನನಗೆ ಹೇಳಬೇಡಿ."

ಮ್ಯಾನೇಜರರು ಕಂತುರಾಯನ ಕಡೆ ನೋಡಿದರು. ಕಂತುರಾಯ ತೋಳನ್ನು ಇನ್ನೂ ಇಳಿಸಿರಲಿಲ್ಲ. ಆಗ ಮುಂದಿನ ಸಾಲಿನಲ್ಲಿ ಹೂಗುಚ್ಛ ಹಿಡಿದು ಕೂತಿದ್ದ ಕ್ಯಾಷಿಯರ್ ಹೆಂಗಸು ಎದ್ದಳು.

"ನಾಳೆ ಮಾಸ್ತರ ಮನೆಯವರಲ್ವಾ ನೀವು?"

"ಹೌದು."

"ಮೊನ್ನೆ ನನ್ನ ಬಟ್ಟೆ ಹೇಳಿದ ದಿನವೇ ಕೊಟ್ಟರು. ಆವತ್ತೇ ಅಂದ್ಕೊಂಡೆ, ಮಾಸ್ತರಿಗೆ ಏನೋ ಆಗಿದೆ ಅಂತ." ಅವಳು ಹೂಗುಚ್ಛವನ್ನು ಪಕ್ಕದವರ ಮಡಿಲಿಗೆ ಹಾಕಿದಳು. "ಬನ್ನಿ. ಕಂಪ್ಯೂಟರ್ ಶುರುವಾಗೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ, ಅದೂ ನಿಮ್ಮ ಯಜಮಾನರ ತರಹವೇ."

ಮ್ಯಾನೇಜರರು ತಡೆಯಲಿಲ್ಲ. ಇಬ್ಬರೂ ಕಿಟಕಿಯ ಹತ್ತಿರ ಹೋದ ಮೇಲೆ ಅವರು ಮೈಕಿನ ಮುಂದೆ ಗಂಟಲು ಸರಿಮಾಡಿಕೊಂಡು ಕಾದರು. ಮುದ್ರಣಯಂತ್ರ ರಸೀದಿಯನ್ನು ಹೊರಗೆ ತಳ್ಳಿದ ಸದ್ದು ಕೇಳಿದ ನಂತರವೇ, ನಿಲ್ಲಿಸಿದ್ದ ವಾಕ್ಯವನ್ನು ಪೂರ್ತಿ ಮಾಡಿದರು: "...ರದ್ದಾಗಿಲ್ಲ."

ಅವಳು ಅಂಗಡಿಗೆ ಬಂದಾಗ ದರ್ಜಿ ಕೂತ ಜಾಗದಲ್ಲಿಯೇ ಕೂತಿದ್ದ. ರಸೀದಿಯನ್ನು ಅವನ ಮುಂದಿಟ್ಟಳು. ಅವನು ಅದನ್ನು ಓದಲಿಲ್ಲ.

"ಲೈನಿಂಗು?"

"ಏನೂ ಆಗಿಲ್ಲ."

"ತೋಳೆತ್ತಿದಾಗ ಭುಜದ ಹತ್ತಿರ ಎಳೀತಿತ್ತಾ?"

"ಇಲ್ಲ. ಚೆನ್ನಾಗಿ ಕೂತಿತ್ತು." ಅಷ್ಟು ಹೇಳಿ ಅವಳು ಪರದೆಯ ಹಿಂದೆ ಹೋಗಿ ತುಂಬ ಹೊತ್ತು ಹೊರಗೆ ಬರಲಿಲ್ಲ.

ಆಪರೇಷನ್ನು ಹೇಳಿದ ದಿನ ನಡೆಯಲಿಲ್ಲ. ಯಾವುದೋ ತುರ್ತು ಬಂದು ಡಾಕ್ಟರು ಮುಂದಕ್ಕೆ ಹಾಕಿದರು. ದರ್ಜಿಗೆ ಅವರ ಮೇಲೆ ಮೊದಲ ಬಾರಿಗೆ ನಂಬಿಕೆ ಹುಟ್ಟಿದ್ದು ಆಗಲೇ. ಎರಡನೆಯ ತಾರೀಕಿಗೆ ನಡೆಯಿತು, ಸರಿಯಾಗಿಯೇ ನಡೆಯಿತು. ಪಟ್ಟಿ ಬಿಚ್ಚಿದ ದಿನ ಅವನು ಕನ್ನಡಿ ತರಿಸಿಕೊಂಡು ಎದೆಯನ್ನು ನೋಡಿಕೊಂಡ. "ಹೊಲಿಗೆ ನೇರವಾಗಿದೆ," ಎಂದು ಡಾಕ್ಟರಿಗೆ ಹೇಳಿದ. ಹೆಂಡತಿಗೆ ಮಾತ್ರ, "ಒಳಗೆ ಬಟ್ಟೆ ಬಿಟ್ಟಿಲ್ಲ ಕಣೇ," ಎಂದ.

ಅಂಗಡಿ ಮತ್ತೆ ತೆರೆಯಿತು. ಆದರೆ ಮೊಳೆಗಳ ಹಿಂದಿನ ಗೋಡೆ ಹಾಗೆಯೇ ಕಾಣಿಸುತ್ತಿತ್ತು. ದರ್ಜಿ ಹೇಳಿದ ದಿನ ಬಟ್ಟೆ ಕೊಡುತ್ತಿದ್ದ. ಕ್ಷೌರಿಕ ಎದುರಿನಿಂದ ದಿನವೂ ಒಮ್ಮೆ ಬಂದು ಅವನ ಮುಖ ನೋಡಿ ಹೋಗುತ್ತಿದ್ದ. ಗಂಡ ಮತ್ತೆ ನಾಳೆ ಎನ್ನಲೆಂದು ತಾನೇ ತಡವಾಗಿ ಕಾಜಾ ಹಾಕಿದರೆ ಹೇಗೆ ಎಂದು ಹೆಂಡತಿಗೆ ಒಂದೆರಡು ಸಲ ಅನ್ನಿಸಿತು; ಕೈ ಒಪ್ಪಲಿಲ್ಲ.

ವರ್ಷ ತಿರುಗಿತು. ಕಂತಿನ ದಿನ ಕಂತುರಾಯ ಬೂದು ಕೋಟು ತೊಟ್ಟು ಬಂದ. ಈಗ ಅವನು ಯಾವಾಗಲೂ ಎರಡೂ ಕೈಗಳನ್ನು ಜೇಬಿನಲ್ಲಿ ಇಟ್ಟುಕೊಂಡೇ ನಡೆಯುತ್ತಿದ್ದ.

"ಭಾವ, ಕಂತು."

"ಹೂಂ," ಎಂದ ದರ್ಜಿ. ಕನ್ನಡಕ ಹಾಕಿಕೊಂಡು ಮೇಜಿನ ಡ್ರಾಯರಿಗೆ ಕೈ ಚಾಚಿದ. ಚೆಕ್ಕಿನ ಪುಸ್ತಕ ಅದರಲ್ಲಿತ್ತು.

ಕಂತುರಾಯ ಕೂರಲು ಹೊರಟವನು ಅರ್ಧದಲ್ಲೇ ನಿಂತ. ಪರದೆ ಸರಿಯಿತು. ಹೆಂಡತಿ ಬಂದು ಡ್ರಾಯರಿನ ಮೇಲೆ ಅಂಗೈ ಊರಿ ನಿಂತಳು.

"ಏನ್ರೀ ಇದು, ಮೊದಲನೇ ದಿನವೇ?"

"ನೀನೇ ಅಲ್ವೇನೇ ಪ್ರತಿ ವರ್ಷ ಬಡ್ಕೋತಿದ್ದೆ?"

"ಇನ್ನೂ ದಿನ ಇದೆ. ಕೊನೇ ದಿನ ಬರಲಿ ಅವನು. ಚೆಕ್ಕು ನಾನೇ ಕೈಗೆ ಕೊಡ್ತೀನಿ." ತಮ್ಮನ ಕಡೆ ತಿರುಗಿ, "ಕೂತ್ಕೊಳೋ, ಚಹಾ ತರ್ತೀನಿ," ಎಂದಳು. ಅಂಗೈಯನ್ನು ಮಾತ್ರ ತೆಗೆಯಲಿಲ್ಲ.

ದರ್ಜಿ ಅವಳ ಕೈಯನ್ನು ನೋಡಿದ. ಸೂಜಿ ಚುಚ್ಚಿ ಚುಚ್ಚಿ ಬೆರಳ ತುದಿ ಒರಟಾಗಿದ್ದ ಕೈ ಡ್ರಾಯರನ್ನು ಬಿಡುವಂತಿರಲಿಲ್ಲ. ಅವನು ಕನ್ನಡಕ ತೆಗೆದು ಮಡಿಸಿಟ್ಟ.

ಅಷ್ಟರಲ್ಲಿ ಕ್ಷೌರಿಕ ಬೀದಿ ದಾಟಿ ಬಂದು ಬಾಗಿಲಲ್ಲಿ ನಿಂತ. "ಮಾಸ್ತರೇ, ನನ್ನ ಅಂಗಿ ಇವತ್ತು ಅಂದಿದ್ರಿ."

ಅಂಗಿ ದರ್ಜಿಯ ತಲೆಯ ಮೇಲೆಯೇ, ಇಸ್ತ್ರಿಯಾಗಿ, ಗುಂಡಿಗಳೆಲ್ಲ ಹಾಕಿಕೊಂಡು ಮೊಳೆಗೆ ತೂಗುತ್ತಿತ್ತು. ದರ್ಜಿ ಅದನ್ನು ನೋಡಿದ. ಹೆಂಡತಿಯೂ ನೋಡಿದಳು. ದರ್ಜಿ ಎದ್ದು ಕ್ಷೌರಿಕನಿಗೆ ಸ್ಟೂಲು ಎಳೆದು ಹಾಕಿದ, ಫ್ಯಾನನ್ನು ಅವನ ಕಡೆ ತಿರುಗಿಸಿದ.

"ನಾಳೆ ಬನ್ನಿ," ಎಂದ.

ಕ್ಷೌರಿಕ ಒಂದು ಕ್ಷಣ ಅವನ ಮುಖವನ್ನೇ ನೋಡಿದ. ಆಮೇಲೆ ಹೊಸ್ತಿಲು ದಾಟಿ, ಬೀದಿಗೆಲ್ಲ ಕೇಳುವ ಹಾಗೆ, ಬಹಳ ಸಂತೋಷದಿಂದ ಅವನನ್ನು ಬೈದ.